ನಿದ್ದೆಯ ಪಂಚನಾಮೆ

೧೯೮೪ರ ಮಾರ್ಚ್ ೬, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಖಾನಾಪುರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದವನು ಬೀಡಿ ಗ್ರಾಮದ ಕಿರಾಣಿ ವ್ಯಾಪಾರಿ ಬಾಳಪ್ಪ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಪಂಚೆ, ಮುಖದಲ್ಲಿ ಮನೆಯೇ ಸುಟ್ಟುಹೋದವನ ಕಳೆ. ಸಬ್ ಇನ್ಸ್‌ಪೆಕ್ಟರ್ ನಾಗಲಿಂಗ ಅವರು ಚಹದ ಬಟ್ಟಲನ್ನು ಪಕ್ಕಕ್ಕಿಟ್ಟರು.

"ಕುಂದರ್ರಿ. ಏನ್ ಕಳುವಾಗೇತಿ?"

"ಗಾದಿ ರೀ, ಸಾಹೇಬ್ರ."

"ಗಾದಿ?"

"ಮೊದಲು ಗಾದಿ. ಆಮ್ಯಾಲ ಮಂಚ. ನಿನ್ನೆ ಜಮಖಾನ, ಎರಡು ಕೌದಿ, ಒಂದು ಚಾಪಿ."

"ನಿಮ್ಮ ಮನ್ಯಾಂದೇನು?"

"ನಮ್ಮನ್ಯಾಂದಲ್ರಿ. ಗುರುಪುತ್ರಪ್ಪ ಶರಣರ ಮನ್ಯಾಂದು. ಗಾದಿ ಮಾತ್ರ ನಾ ಕೊಟ್ಟಿದ್ದು. ಭಕ್ತಿಯಿಂದ ಕೊಟ್ಟಿದ್ದೆ."

ಮೂಲೆಯ ಮೇಜಿನ ಹಿಂದೆ ಕೂತು ಬರೆದುಕೊಳ್ಳುತ್ತಿದ್ದ ಹವಾಲ್ದಾರ ಕರೆಪ್ಪ ತಲೆ ಎತ್ತಿದ. ಕಿವಿಗೆ ಬಿದ್ದದ್ದನ್ನೆಲ್ಲ ಕಾಗದಕ್ಕೆ ಇಳಿಸುವುದು ಅವನ ಅಭ್ಯಾಸ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅದಕ್ಕಾಗಿ ಎಷ್ಟೋ ಸಲ ಬೈಸಿಕೊಂಡಿದ್ದ.

"ಭಕ್ತಿಯಿಂದ ಅನ್ನೂದನ್ನೂ ಬರೀಲೇನ್ರಿ?"

"ಬರಿಯೋ ಮಾರಾಯಾ," ಎಂದರು ನಾಗಲಿಂಗ. "ಹೂಂ, ಹೇಳ್ರಿ ಬಾಳಪ್ಪ. ಶರಣರು ಅಂದ್ರ ಮಠದವ್ರೇನು?"

ಬಾಳಪ್ಪ ವಿವರಿಸಿದ. ಗುರುಪುತ್ರಪ್ಪ ಮಠದವರಲ್ಲ, ನಲವತ್ತೆಂಟು ವರ್ಷದ ಸಂಸಾರಸ್ಥರು. ಬೀಡಿಯಲ್ಲಿ ಅವಲಕ್ಕಿ ಗಿರಣಿ ಇಟ್ಟಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಮಲಗಿದರೆ ಅವರ ಉಸಿರು ನಿಂತುಬಿಡುತ್ತದೆ. ಸುಮ್ಮನೆ ನಿಂತೇ ಬಿಡುತ್ತದೆ. ನೋಡುವವರು ಕೈಮುಗಿದುಕೊಂಡು ಕಾಯಬೇಕು. ಆಮೇಲೆ ಶಂಖ ಊದಿದ ಹಾಗೆ ಒಂದು ಶಬ್ದವಾಗಿ ಉಸಿರು ಮರಳುತ್ತದೆ. ಇದು ಶಿವಯೋಗವೆಂದು ಊರಿಗೆ ಗೊತ್ತಾಗಿ, ಕಳೆದ ದೀಪಾವಳಿಯಿಂದ ಜನ ಕಾಯಿ ಕರ್ಪೂರ ಹಿಡಿದುಕೊಂಡು ಬರುತ್ತಿದ್ದಾರೆ. ಅವರ ತಂದೆ ಮಡಿವಾಳಪ್ಪಜ್ಜನವರದೂ ಹೀಗೇ ಇತ್ತು. ಮೂವತ್ಮೂರು ವರ್ಷದ ಹಿಂದೆ ಒಂದು ದಿನ ಮಲಗಿದಲ್ಲೇ ಬಯಲಾದರು. ಗಿರಣಿಯ ಹಿಂದೆ ಅವರ ಸಮಾಧಿಯ ಗದ್ದುಗೆ ಇದೆ. ಸೋಮವಾರಕ್ಕೊಮ್ಮೆ ದೀಪ ಹಚ್ಚುತ್ತಾರೆ.

"ಈಗ ಮಲಗಾಕ ಹಾಸಿಗಿ ಇಲ್ಲ ಅಂದ್ರ ಶಿವಯೋಗ ಹ್ಯಾಂಗ ನಡೀಬೇಕ್ರಿ?" ಎಂದ ಬಾಳಪ್ಪ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಗಾದಿ ಹೋದದ್ದು ಫೆಬ್ರವರಿ ೨೨ರಂದು, ಮಂಚ ಮಾರ್ಚ್ ೧ರಂದು, ಉಳಿದದ್ದು ಮಾರ್ಚ್ ೫ರಂದು. ನಾಗಲಿಂಗ ಅವರು ಭಾರತೀಯ ದಂಡ ಸಂಹಿತೆ ಕಲಂ ೩೮೦ರ ಪ್ರಕಾರ ಎಫ್‌ಐಆರ್ ದಾಖಲಿಸಿದರು.

ಮರುದಿನ ಬುಧವಾರ, ಮಧ್ಯಾಹ್ನ ಹನ್ನೆರಡೂಕಾಲಿಗೆ ಠಾಣೆಯ ಜೀಪು ಬೀಡಿ ತಲುಪಿತು. ಭತ್ತ ಹುರಿಯುವ ವಾಸನೆ ಊರಿನ ಅಗಸೆಬಾಗಿಲಲ್ಲೇ ಎದುರಾಯಿತು. ಭರಮಣ್ಣ ಮಾಸ್ತರ ಮತ್ತು ನೆರೆಮನೆಯ ಲಕ್ಷ್ಮಪ್ಪ ಇವರನ್ನು ಪಂಚರೆಂದು ಕರೆದು, ನಾಗಲಿಂಗ ಸ್ಥಳ ಪಂಚನಾಮೆಗೆ ತೊಡಗಿದರು.

ಬಾಗಿಲು, ಚಿಲಕ ಎಲ್ಲ ಸರಿಯಿತ್ತು. ದೇವರ ಜಗಲಿಯ ಮೇಲೆ ಬೆಳ್ಳಿಯ ವಿಭೂತಿ ಬಟ್ಟಲು ಹಾಗೇ ಇತ್ತು. ನಾಲ್ಕು ಹಿತ್ತಾಳೆ ಕೊಡಗಳು ಅಡುಗೆಮನೆಯ ಬಾಗಿಲಲ್ಲೇ ಸಾಲಾಗಿ ಹೊಳೆಯುತ್ತಿದ್ದವು. ಮಂಚವಿದ್ದ ಜಾಗದಲ್ಲಿ ಒಂದು ಆರಾಮ ಕುರ್ಚಿಯನ್ನು ತಂದು ಇಡಲಾಗಿತ್ತು. ಗೋಡೆಯ ಗೂಟಕ್ಕೆ ಮಂಚದ ನವಾರ ಪಟ್ಟಿಯನ್ನು ಉಂಡೆ ಸುತ್ತಿ ನೇತುಹಾಕಲಾಗಿತ್ತು.

"ನವಾರ ಯಾರು ಸುತ್ತಿಟ್ರು?" ನಾಗಲಿಂಗ ಕೇಳಿದರು.

"ಕಳ್ಳನ ಇರಬೇಕ್ರಿ," ಎಂದಳು ಗುರುಪುತ್ರಪ್ಪನ ಹೆಂಡತಿ ಸಂಗವ್ವ. "ನಾವು ಮುಟ್ಟಿಲ್ಲ."

"ಕುರ್ಚಿ?"

"ಅದೂ ಅಂವನ ಇಟ್ಟ ಹೋಗ್ಯಾನ."

ಕರೆಪ್ಪ ಬರೆದ: *ಕಳ್ಳನು ನವಾರವನ್ನು ಒಂದೂ ಗಂಟು ಕತ್ತರಿಸದೆ ಬಿಚ್ಚಿ, ಸುತ್ತಿ, ಗೂಟಕ್ಕೆ ಹಾಕಿರುತ್ತಾನೆ. ಮನೆಯವರಿಗೆ ಕೂರಲು ಕುರ್ಚಿ ಇಟ್ಟಿರುತ್ತಾನೆ. ಬಹಳ ಮರ್ಯಾದಸ್ಥನಿರಬೇಕು.* ಕೊನೆಯ ವಾಕ್ಯವನ್ನು ನಾಗಲಿಂಗ ಹೊಡೆದುಹಾಕಿದರು.

ಗುರುಪುತ್ರಪ್ಪ ಊಟ ಮುಗಿಸಿ ಬಂದು ನೆಲದ ಮೇಲೆ, ಗೋಡೆಗೆ ಒರಗಿ ಕೂತರು. ದೊಡ್ಡ ಆಳು. ಅಂಗಿಯ ಗುಂಡಿ ಹತ್ತದಷ್ಟು ದಪ್ಪ ಕೊರಳು. ಕಣ್ಣು ಕೆಂಪಗಿದ್ದವು, ನಗು ಮಾತ್ರ ಮಗುವಿನದು.

"ಯಾರ ಮ್ಯಾಲ ಸಂಶಯ?"

"ಯಾರ ಮ್ಯಾಲೂ ಇಲ್ರಿ. ಶಿವ ಕೊಟ್ಟಿದ್ದ, ಶಿವ ಒಯ್ದ."

"ಕುರ್ಚಿ ಐತೆಲ್ಲ, ಅದರಾಗ ಮಲಗೂದಿಲ್ಲೇನು?"

"ಕುರ್ಚ್ಯಾಗ ಯೋಗ ಆಗೂದಿಲ್ಲ ಅಂತಾರ್ರಿ ಮಂದಿ. ಎರಡು ದಿನ ಮಲಗಿದ್ದೆ, ಉಸಿರು ನಿಲ್ಲಲೇ ಇಲ್ಲಂತ. ಬಂದವ್ರು ಬ್ಯಾಸರ ಮಾಡ್ಕೊಂಡು ಹೋದ್ರು."

"ನಿಮಗ ಹ್ಯಾಂಗನಿಸಿತು?"

"ಖರೇ ಹೇಳಲೇನ್ರಿ? ಆ ಎರಡು ದಿನ ತಲಿ ಹಗುರ ಇತ್ತು. ಇಲ್ಲಾಂದ್ರ ದಿನಾ ಮುಂಜಾನೆ ತಲಿ ಅಂದ್ರ..." ಎಂದವರು ಅಲ್ಲಿಗೇ ನಿಲ್ಲಿಸಿದರು. ನಾಗಲಿಂಗ ಮುಂದಿನ ಮಾತಿಗೆ ಕಾದರು. ಅದು ಬರಲಿಲ್ಲ. ಗುರುಪುತ್ರಪ್ಪ ಗೋಡೆಗುಂಟ ಮೆಲ್ಲಗೆ ಜಾರಿ, ಬರಿನೆಲದ ಮೇಲೆ ಅಂಗಾತ ಮಲಗಿಬಿಟ್ಟಿದ್ದರು.

ಅದನ್ನೇ ಕಾಯುತ್ತಿದ್ದವರಂತೆ ಹದಿನೈದಿಪ್ಪತ್ತು ಜನ ಒಳಗೆ ಬಂದು ಸುತ್ತ ಕೂತರು. ಗಂಡಸರು ಟೊಪ್ಪಿಗೆ ತೆಗೆದರು, ಹೆಂಗಸರು ಸೆರಗು ಹೊದ್ದರು. ಬಾಳಪ್ಪ ತುಟಿಯ ಮೇಲೆ ಬೆರಳಿಟ್ಟು ಪೊಲೀಸರಿಗೂ "ಗಪ್!" ಎಂದ.

ಪಂಚನಾಮೆ ಇನ್ನೂ ಮುಗಿದಿರಲಿಲ್ಲ. ಮುಗಿಯದ ಪಂಚನಾಮೆಯನ್ನು ನಡುವೆ ನಿಲ್ಲಿಸುವುದು ಕರೆಪ್ಪನಿಗೆ ಗೊತ್ತಿರಲಿಲ್ಲ. ಅವನು ಕೈಗಡಿಯಾರ ಬಿಚ್ಚಿ ಮೊಳಕಾಲ ಮೇಲಿಟ್ಟುಕೊಂಡು ಬರೆಯುತ್ತ ಹೋದ. ಆ ಹಾಳೆಗಳು ಈಗಲೂ ಕಡತದಲ್ಲಿವೆ:

*೧ ಗಂಟೆ ೪೮ ನಿಮಿಷ: ಸದರಿ ಗುರುಪುತ್ರಪ್ಪ ಇವರು ಹೇಳಿಕೆ ಕೊಡುತ್ತಿರುವಾಗಲೇ ನಿದ್ದೆಗೆ ಹೋದರು.*

*೧ ಗಂಟೆ ೫೧: ಗೊರಕೆ ಶುರು. ಸಪ್ಪಳವು ಗಿರಣಿಯ ಇಂಜಿನ್ನಿಗೆ ಸಮನಾಗಿರುತ್ತದೆ.*

*೧ ಗಂಟೆ ೫೪: ಗೊರಕೆ ಒಮ್ಮೆಲೇ ನಿಂತಿತು. ಎದೆ ಮತ್ತು ಹೊಟ್ಟೆ ಎಳೆದಾಡುತ್ತಿವೆ. ಆದರೆ ಮೂಗಿನ ಮುಂದೆ ಹಿಡಿದ ಉಣ್ಣೆಯ ಎಳೆ ಅಲುಗಲಿಲ್ಲ. ಹೀಗೆ ಇಪ್ಪತ್ತೆಂಟು ಸೆಕೆಂಡು. ತುಟಿ ನೇರಳೆ ಹಣ್ಣಿನ ಬಣ್ಣ. ನಂತರ ದೊಡ್ಡ ಶಬ್ದದೊಂದಿಗೆ ಉಸಿರು ಬಂತು. ಕೈಕಾಲು ಝಾಡಿಸಿದರು. ನಿದ್ದೆಯಿಂದ ಎದ್ದಿಲ್ಲ.*

*೨ ಗಂಟೆ ೩: ಮತ್ತೆ ನಿಂತಿತು. ನಲವತ್ತೊಂದು ಸೆಕೆಂಡು. ಪಂಚ ಲಕ್ಷ್ಮಪ್ಪ ಇವರು ಕರ್ಪೂರ ಹಚ್ಚಿದರು.*

*೨ ಗಂಟೆ ೧೦: ಮೂಗಿನ ಮೇಲೆ ನೊಣ ಕೂತಿದ್ದರಿಂದ ಎಡಮಗ್ಗುಲಾದರು. ನಾಲ್ಕು ನಿಮಿಷ ಉಸಿರು ನಿಲ್ಲಲಿಲ್ಲ. ಜನರು ಬೇಸರಿಸಿದರು. ತಾವಾಗಿ ಅಂಗಾತರಾದ ಮೇಲೆ ಪುನಃ ನಿಂತಿತು.*

*ಅರ್ಧ ತಾಸಿನಲ್ಲಿ ಒಟ್ಟು ಹತ್ತೊಂಬತ್ತು ಸಲ.*

ಹಾಲುಮತದ ಮನೆಯಲ್ಲಿ ಹುಟ್ಟಿದ ಕರೆಪ್ಪನಿಗೆ ಉಣ್ಣೆಯ ಎಳೆ ಹಿಡಿಯುವುದು ಯಾರೂ ಕಲಿಸಿದ್ದಲ್ಲ. ಆಗಷ್ಟೇ ಹುಟ್ಟಿದ ಕುರಿಮರಿ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಅವರ ಮನೆಯಲ್ಲಿ ಹಾಗೆಯೇ ನೋಡುತ್ತಾರೆ.

ನಾಗಲಿಂಗ ಮಲಗಿದವರನ್ನು ಹೆಚ್ಚು ನೋಡಲಿಲ್ಲ. ಅವರು ನೋಡಿದ್ದು ಕೂತವರನ್ನು. ಎಲ್ಲರ ಕಣ್ಣೂ ಗುರುಪುತ್ರಪ್ಪನ ಮುಖದ ಮೇಲಿತ್ತು. ಒಬ್ಬಳು ಮಾತ್ರ ಅವರ ಎದೆ ನೋಡುತ್ತಿದ್ದಳು. ಕಂಬದ ಬಾಜು ಕೂತಿದ್ದ ಸಣ್ಣ ಮೈಯ ಮುದುಕಿ, ಗುರುಪುತ್ರಪ್ಪನ ತಾಯಿ ಕಾಶವ್ವ. ಅವಳ ಕೈಯಲ್ಲಿ ರುದ್ರಾಕ್ಷಿ ಸರವಿತ್ತು. ಜಪ ಮಾಡುವವರ ಮಣಿ ಒಂದೇ ಸಮನೆ ಸರಿಯುತ್ತದೆ. ಕಾಶವ್ವನ ಮಣಿ ಮಗನ ಗೊರಕೆ ಇರುವಷ್ಟು ಹೊತ್ತು ಸುಮ್ಮನಿರುತ್ತಿತ್ತು. ಉಸಿರು ನಿಂತ ಕೂಡಲೇ ಸರಿಯತೊಡಗುತ್ತಿತ್ತು. ಉಸಿರು ಬಂದ ಕೂಡಲೇ ನಿಲ್ಲುತ್ತಿತ್ತು. ಹತ್ತೊಂಬತ್ತು ಸಲವೂ ಹಾಗೆಯೇ ಆಯಿತು.

ನಾಗಲಿಂಗ ಆ ದಿನ ಯಾರಿಗೂ ಏನೂ ಹೇಳಲಿಲ್ಲ. ಪಂಚರ ಸಹಿ ಹಾಕಿಸಿದರು. ಪವಾಡ ಸರಕಾರಿ ಕಾಗದದ ಮೇಲೆ ಬಂತೆಂದು ಭರಮಣ್ಣ ಮಾಸ್ತರ ಎರಡು ಭಾಷೆಯಲ್ಲಿ ಸಹಿ ಮಾಡಿದರು.

ಮಾರ್ಚ್ ೮, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಗಿರಣಿಯಲ್ಲಿ ಅವಲಕ್ಕಿ ಜರಡಿ ಹಿಡಿಯುವ ರೇಣವ್ವನನ್ನು ನಾಗಲಿಂಗ ಹೊರಗೆ ಕರೆದರು. ಒಳಗೆ ಇಂಜಿನ್ನಿನ ಚಕ್ರ ತಿರುಗಿಸುವ ಪಟ್ಟ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಮಾಲಕರು ಕೆಲಸದಾಗ ಹ್ಯಾಂಗ?"

"ದೇವರಂಥಾವ್ರು ರೀ."

"ಅದು ಗೊತ್ತೈತಿ. ನಿದ್ದಿ?"

ರೇಣವ್ವ ಅತ್ತಿತ್ತ ನೋಡಿದಳು. "ನಿಂತಲ್ಲೇ ತೂಕಡಸ್ತಾರ್ರಿ. ಮಾತಾಡ್ತಾ ಆಡ್ತಾ ಮಾತ ಬಿಟ್ಟಬಿಡ್ತಾರ. ಭತ್ತ ತಂದವ್ರ ಹೆಸರ ಮರೀತಾರ. ಹೋದ ತಿಂಗಳ ಪಟ್ಟಾದ ಬಾಜು ಕುಂತಾಗ ನಿದ್ದಿ ಬಂದು, ಧೋತರದ ಸೆರಗ ಪಟ್ಟಾದಾಗ ಹೋಗಿತ್ತು. ನಾ ಮೊರ ಒಗದು, ಅವ್ರ ಅಂಗಿ ಹಿಡದ ಎಳದೆ. ಸೆರಗ ಹರೀತು, ಅವ್ರು ಉಳದ್ರು."

"ಯಾವತ್ತು?"

"ಗಾದಿ ಕಳುವಾತಲ್ರಿ, ಅದರ ಹಿಂದಿನ ದಿನ."

"ಇದು ಯಾರಿಗೆ ಹೇಳಿದಿ?"

"ಕಾಶವ್ವಾಯಿಗೆ ಒಬ್ಬಾಕಿಗೇ."

ನಾಗಲಿಂಗ ಮತ್ತೆ ಮನೆಗೆ ಬಂದರು. ದೇವರ ಜಗಲಿಯ ಮೇಲೆ, ಹೂವಿನ ನಡುವೆ, ಗೋಲಿಯಂಥ ಗಟ್ಟಿ ಗಜ್ಜುಗದ ಕಾಯಿಗಳು ಐದು ಇದ್ದವು. ಇವೇನೆಂದು ಕೇಳಿದರು. ಅಷ್ಟರಲ್ಲಿ ಬಂದು ಸೇರಿದ್ದ ಬಾಳಪ್ಪನೇ ಉತ್ತರ ಕೊಟ್ಟ.

"ಸಂಕ್ರಾಂತಿ ಆದ ಮ್ಯಾಲ ಶರಣರ ಬೆನ್ನಾಗ ಮೂಡಿದ್ದು ರೀ. ಮಲಗಿದ್ರ ಒತ್ತತಾವ ಅಂತ ಬನಿಯನ್ ತಗದ್ರು, ಉದುರಿದ್ವು. ಐದು! ಪಂಚಾಕ್ಷರಿ!"

"ಆ ಬನಿಯನ್ ತರ್ರಿ."

ಬನಿಯನ್ನಿನ ಬೆನ್ನಿನ ಒಳಮೈಗೆ ಒಂದು ಸಣ್ಣ ಚೀಲವನ್ನು ಹೊಲಿಯಲಾಗಿತ್ತು. ಅದರ ಒಂದು ಬದಿ ಹರಿದಿತ್ತು. ಹೊಲಿಗೆ ಎಳ್ಳಿನಷ್ಟು ಸಣ್ಣದು, ಒಂದರ ಬೆನ್ನಿಗೊಂದು ನಡೆದ ಕೌದಿಯ ಹೊಲಿಗೆ. ಕರೆಪ್ಪ ಅದನ್ನು ಬೆಳಕಿಗೆ ಹಿಡಿದು ಹೇಳಿದ: "ಇದು ಹಳೇ ಕೈ ರೀ ಸಾಹೇಬ್ರ. ಈಗಿನವ್ರದು ಹಿಂಗ ಬರಂಗಿಲ್ಲ."

ಮನುಷ್ಯ ಅಂಗಾತ ಮಲಗಬಾರದೆಂದು ಬೆನ್ನಿಗೆ ಗಜ್ಜುಗ ಹೊಲಿದವರೂ, ಮಂಚ ಬಿಚ್ಚಿ ಕುರ್ಚಿ ಇಟ್ಟವರೂ ಒಬ್ಬರೇ. ಅಷ್ಟು ನಾಗಲಿಂಗರಿಗೆ ತಿಳಿಯಿತು. ಅವರು ಒಬ್ಬರೇ ಹಿತ್ತಲಿಗೆ ಹೋದರು. ಕಾಶವ್ವ ಬಿಸಿಲಿಗೆ ಶಾವಿಗೆ ಹರವುತ್ತಿದ್ದಳು.

"ಯವ್ವಾ, ಮೊನ್ನೆ ಮಧ್ಯಾಹ್ನದ್ದು ಎಲ್ಲಕ್ಕಿಂತ ದೊಡ್ಡದು ಎಷ್ಟು ಮಣಿ ಆತು?"

"ಮೊನ್ನೆ ಅಲ್ಲಪ್ಪ, ನಿನ್ನೆ. ಹದಿನಾರು," ಎಂದಳು ಮುದುಕಿ, ಶಾವಿಗೆಯಿಂದ ಕಣ್ಣು ತೆಗೆಯದೆ. ಆಮೇಲೆ ಅವಳ ಕೈ ನಿಂತಿತು.

"ಕರೆಪ್ಪನ ಗಡಿಯಾರದಾಗ ನಲವತ್ತೊಂದು ಸೆಕೆಂಡ," ಎಂದರು ನಾಗಲಿಂಗ.

ಕಾಶವ್ವ ಸೆರಗಿಗೆ ಕೈ ಒರೆಸಿಕೊಂಡು, ಬಾವಿಯ ಕಟ್ಟೆಯ ಮೇಲೆ ಕೂತು, ಪಕ್ಕದ ಜಾಗವನ್ನು ತೋರಿಸಿದಳು. "ಕುಂದರ ತಮ್ಮಾ. ಜಾಣ ಅದಿ. ನಮ್ಮೂರಾಗ ಹೆಸರು ತಗೊಂಡ ದೊಡ್ಡವ್ರು ಬಾಳ ಮಂದಿ ಅದಾರ, ಒಬ್ಬರೂ ನನ್ನ ಕೈ ನೋಡಲಿಲ್ಲ."

"ಗಾದಿ ಎಲ್ಲೈತಿ?"

"ಹೇಳಂಗಿಲ್ಲ."

"ಯವ್ವಾ, ನಾ ಪೊಲೀಸ."

"ಅದಕ್ಕ ಹೇಳಂಗಿಲ್ಲ. ನೀ ಪೊಲೀಸ ಅದಿ, ನಿನ್ನ ಕಡೆ ಜೀಪ ಐತಿ. ನಾ ಕರದ್ರ ಅಂವ ದವಾಖಾನಿಗೆ ಬರಂಗಿಲ್ಲ, 'ಅಪ್ಪನ ದಾರಿ ನನ್ನ ದಾರಿ' ಅಂತಾನ. ನೀ ಕರದ್ರ ಬರತಾನ. ಮೊದಲ ಅವನ್ನ ಬೆಳಗಾವಿ ಡಾಕ್ಟರಿಗೆ ತೋರಸು. ಆಮ್ಯಾಲ ಗಾದಿ, ಮಂಚ, ಕೌದಿ ಎಲ್ಲಾ ಎಣಿಸಿ ಕೊಡ್ತೀನಿ. ಬೇಡಿ ಹಾಕು, ಜೇಲಿಗೆ ಒಯ್ಯಿ. ಚೌಕಾಸಿ ಇಲ್ಲ."

ನಾಗಲಿಂಗರಿಗೆ ನಗು ಬಂತು. ಆದರೆ ಮುದುಕಿಯ ಮುಖ ನೋಡಿ ಅದನ್ನು ತಡೆದರು.

"ಇದು ಯೋಗ ಅಲ್ಲ ಅಂತ ನಿಮಗ ಹ್ಯಾಂಗ ಗೊತ್ತಾತು?"

ಕಾಶವ್ವ ಸೆರಗಿಗೆ ಅಂಟಿದ್ದ ಶಾವಿಗೆಯ ಎಳೆಯನ್ನು ಬಿಡಿಸಿದಳು. ಗಿರಣಿಯ ಸದ್ದು ಬರುತ್ತಲೇ ಇತ್ತು.

"ನಮ್ಮ ಮನಿಯವ್ರದೂ ಹಿಂಗ ಇತ್ತು. ಇದ ಗೊರಕಿ, ಇದ ಕೊರಳು, ಇದ ತಲಿನೋವು. ರಾತ್ರಿ ನಾಕ ಸಲ ಏಳಾವ್ರು. ಹಗಲಿ ಊಟಕ್ಕ ಕುಂತ್ರ ತುತ್ತ ಕೈಯಾಗ ಇರತಿತ್ತು, ಕಣ್ಣ ಮುಚ್ಚಿರತಿದ್ವು. ಮಂದಿ ಶಿವಯೋಗ ಅಂದ್ರು. ನಾ ಸಣ್ಣಾಕಿ ಇದ್ದೆ, ಹೆಮ್ಮಿ ಅನಸ್ತು. ಉಸಿರ ನಿಂತಾಗ ಬಾಜು ಕುಂತು ಕೈ ಮುಗೀತಿದ್ದೆ. ಒಂದಿನ ಮುಗದ ಕೈ ಮುಗದಂಗ ಇತ್ತು, ಉಸಿರ ಬರಲಿಲ್ಲ."

ಅವಳು ಗದ್ದುಗೆಯ ಕಡೆಗೆ ಮುಖ ಮಾಡಿದಳು.

"ನಮ್ಮಾಗ ಸತ್ತವ್ರನ್ನ ಕುಂದರಿಸಿ ಮಣ್ಣ ಕೊಡ್ತಾರ, ನಿನಗ ಗೊತ್ತೈತಿ. ಸತ್ತ ಮ್ಯಾಲ ಕುಂದರಿಸಿದ್ರು ತಮ್ಮಾ. ಬದುಕಿದ್ದಾಗ ಯಾರರ ಕುಂದರಿಸಿದ್ರ ಇನ್ನೂ ಹತ್ತ ವರ್ಸ ಇರತಿದ್ರೇನೋ. ಮಗಂದು ಶುರುವಾದಾಗ ಎಣಸಾಕ ಹತ್ತಿದೆ. ಅಂಗಾತ ಮಲಗಿದ್ರ ಹತ್ತು, ಹನ್ನೆರಡು, ಹದಿನಾರು ಮಣಿ. ಮಗ್ಗಲಾದ್ರ ಮೂರು, ನಾಕು. ಕುರ್ಚ್ಯಾಗ ಕುಂತು ಮಲಗಿದ್ರ ಒಂದೂ ಇಲ್ಲ."

"ಇದನ್ನ ಎಲ್ಲಾರಿಗೂ ಹೇಳಬೇಕಿತ್ತಲ್ಲ?"

"ಹೇಳಿದ್ರ ಗದ್ದಿಗಿ ಏನಾಗಬೇಕು? ಆ ದೀಪ ಏನಾಗಬೇಕು? ಗಂಡನ್ನ ಎರಡನೇ ಸಲ ಕಳಕೊಂಡಂಗ. ಅದಕ್ಕ ಬಾಯಿ ಮುಚ್ಚಿ ಕೈ ಬಿಚ್ಚಿದೆ. ಪಟ್ಟಾದ ಸುದ್ದಿ ಕೇಳಿದ ಮರುದಿನ ಗಾದಿ ಎತ್ತಿದೆ."

"ಮಂಚ? ಒಬ್ಬರ ಹ್ಯಾಂಗ ಒಯ್ದ್ರಿ?"

"ಮೂಲಿ ಗೂಟ ಬಡದು ತಗದ್ರ ಮಂಚ ಅಂದ್ರ ಏನು, ಎಂಟು ಕಟಗಿ. ಎಂಟು ಸಲ ಅಡ್ಡಾಡಿದೆ."

ಮಾರ್ಚ್ ೯, ಶುಕ್ರವಾರ. ವಿಚಾರಣೆಗೆ ಬೆಳಗಾವಿಗೆ ಬರಬೇಕೆಂದು ನಾಗಲಿಂಗ ಹೇಳಿದಾಗ ಗುರುಪುತ್ರಪ್ಪ ಮರುಮಾತಿಲ್ಲದೆ ಜೀಪು ಹತ್ತಿದರು. ಕಾಶವ್ವ ಹಿಂದಿನ ಸೀಟಿನಲ್ಲಿ ಕರೆಪ್ಪನ ಪಕ್ಕ ಕೂತಳು. ಬಾಳಪ್ಪನೂ ಫಿರ್ಯಾದಿಯೆಂಬ ಹಕ್ಕಿನಿಂದ ತೂರಿಕೊಂಡ. ಪೀರನವಾಡಿ ದಾಟುವುದರೊಳಗೆ ಗುರುಪುತ್ರಪ್ಪ ಎರಡು ಸಲ ನಿದ್ದೆ ಹೋಗಿ ಎರಡು ಸಲ ಎಚ್ಚೆತ್ತಿದ್ದರು.

ಕಿವಿ ಮೂಗು ಗಂಟಲಿನ ಡಾಕ್ಟರು ಕಾಂತಾ ಎಂಬ ನಲವತ್ತರ ಹೆಣ್ಣುಮಗಳು. ನಾಗಲಿಂಗ ಕೊಟ್ಟ ಪಂಚನಾಮೆಯನ್ನು ಮೊದಲು ಹುಬ್ಬು ಗಂಟಿಕ್ಕಿ ಓದಿದರು. ಎರಡನೆಯ ಹಾಳೆಗೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದನ್ನ ಯಾರು ಬರದ್ರಿ?"

ಕರೆಪ್ಪ ಸಟ್ಟನೆ ಎದ್ದು ನಿಂತ. ಬೈಸಿಕೊಳ್ಳಲು ತಯಾರಾಗಿದ್ದ. "ನಾನ್ರಿ. ತಪ್ಪಾಗಿದ್ರ ತಿದ್ದಕೋತೀನ್ರಿ."

"ತಪ್ಪೇನ್ರಿ? ಪರದೇಶದಾಗ ಇದನ್ನ ಬರಿಯಾಕ ಒಂದು ಕ್ವಾಣಿ ತುಂಬ ಯಂತ್ರ ಇಟ್ಟಿರ್ತಾರ. ನೀವು ಒಂದು ಗಡಿಯಾರ, ಒಂದು ಉಣ್ಣಿ ಎಳಿ ಹಿಡಕೊಂಡು ಬರದೀರಿ! ಎದಿ ಎಳೀತಿತ್ತು, ಗಾಳಿ ಬರಲಿಲ್ಲ ಅಂತ ಬರದೀರಲ್ಲ, ಅದರಾಗ ಇಡೀ ರೋಗ ಐತಿ."

ಕರೆಪ್ಪ ಕೂತುಕೊಳ್ಳುವುದನ್ನೇ ಮರೆತ. ಡಾಕ್ಟರು ಗುರುಪುತ್ರಪ್ಪನತ್ತ ತಿರುಗಿದರು.

"ಮುಂಜಾನೆ ತಲಿ ಹ್ಯಾಂಗಿರತೈತ್ರಿ?"

"ಸುತ್ತಿಗಿ ಬಡದಂಗ ರೀ."

"ರಾತ್ರಿ ಮೂತ್ರಕ್ಕ ಎಷ್ಟ ಸಲ ಏಳ್ತೀರಿ?"

"ನಾಕು. ಒಮ್ಮೊಮ್ಮೆ ಐದು."

"ರಾತ್ರಿ ಎಲ್ಲಾ ಮಲಗಿದ್ರೂ ಮಲಗೇ ಇಲ್ಲ ಅನಸ್ತೈತಿ?"

"ಹೌದ್ರಿ! ನಿಮಗ ಹ್ಯಾಂಗ ಗೊತ್ತು?"

"ಸಿಟ್ಟು?"

"ಇಲ್ರಿ, ನನಗ ಸಿಟ್ಟ ಅನ್ನೂದ..."

"ನನ್ನ ಕೇಳ್ರಿ," ಎಂದಳು ಹಿಂದಿನಿಂದ ಕಾಶವ್ವ. ಡಾಕ್ಟರು ನಕ್ಕುಬಿಟ್ಟರು.

ಕೊರಳಿಗೆ ಟೇಪು ಹಿಡಿದರು. ರಕ್ತದೊತ್ತಡ ನೋಡಿದರು, ಅದು ಬಹಳ ಏರಿತ್ತು. ಬಾಯಿ ತೆರೆಸಿ ದೀಪ ಬಿಟ್ಟು ನೋಡಿ, ಎರಡೂ ಬದಿಯ ಗಂಟಲ ಗಡ್ಡೆಗಳು ಊದಿಕೊಂಡು ಒಂದಕ್ಕೊಂದು ಮುಟ್ಟುವಂತಿವೆ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಎದುರು ಕೂತರು.

"ನೋಡ್ರಿ, ಇದಕ್ಕ ಸ್ಲೀಪ್ ಆಪ್ನಿಯಾ ಅಂತಾರ. ನಿದ್ದಿ ಹತ್ತಿದ ಮ್ಯಾಲ ಗಂಟಲ ಸಡಲಾಗಿ ಮುಚ್ಚಕೋತೈತಿ. ಅಂಗಾತ ಮಲಗಿದ್ರ ನಾಲಿಗಿನೂ ಹಿಂದ ಬೀಳತೈತಿ. ಎದಿ ಎಳದ್ರೂ ಗಾಳಿ ಒಳಗ ಹೋಗಂಗಿಲ್ಲ. ಮೆದುಳ ಗಾಬರಿಯಾಗಿ ಎಬ್ಬಸ್ತೈತಿ, ನಿಮಗ ಗೊತ್ತಾಗಂಗಿಲ್ಲ. ರಾತ್ರಿ ನೂರಾರು ಸಲ ಹಿಂಗಾದ್ರ ಹಗಲಿ ನಿದ್ದಿ ಬರದ ಏನ್ ಮಾಡೀತು? ಎಲ್ಲಾ ಗೊರಕಿ ರೋಗ ಅಲ್ಲ. ಗೊರಕಿ ಹೊಡೀತಾ ಹೊಡೀತಾ ನಿಂತು, ಗಕ್ಕನ ಉಸಿರ ಎಳಕೊಂಡ್ರು ಅಂದ್ರ, ಹಗಲಿ ತೂಕಡಿಸಿದ್ರು ಅಂದ್ರ, ಮನಿ ಮಂದಿ ಎಚ್ಚರಾಗಬೇಕು. ಹೃದಯಕ್ಕ ಪೆಟ್ಟು ಬೀಳತೈತಿ."

ಬಾಳಪ್ಪನಿಗೆ ತಡೆಯಲಾಗಲಿಲ್ಲ. "ಡಾಕ್ಟರ ಬಾಯಾರ, ಇದು ಶಿವಯೋಗ ರೀ!"

"ಯೋಗದಾಗ ಮನಶ್ಯಾ ತಾನ ಉಸಿರ ಹಿಡೀತಾನ. ಇಲ್ಲಿ ಉಸಿರ ಮನಶ್ಯಾನ್ನ ಬಿಡಾಕ ಹತ್ತೇತಿ. ಎರಡೂ ಒಂದೇನ್ರಿ?"

ಬಾಳಪ್ಪ ಹೆಗಲ ಮೇಲಿನ ಪಂಚೆ ತೆಗೆದು ಮತ್ತೆ ಮಡಿಸತೊಡಗಿದ.

ಗಂಟಲ ಗಡ್ಡೆ ತೆಗೆಯಬೇಕು, ಅದಕ್ಕೆ ಮೊದಲು ರಕ್ತದೊತ್ತಡ ಇಳಿಯಬೇಕು, ಬರಬರುತ್ತ ಮೈ ಇಪ್ಪತ್ತು ಕಿಲೋ ಕರಗಬೇಕು. ಮಗ್ಗುಲಾಗಿ ಇಲ್ಲವೆ ತಲೆ ಎತ್ತರಿಸಿ ಮಲಗಬೇಕು. ಗುಣ ಕಾಣುವವರೆಗೆ ಗಿರಣಿಯ ಪಟ್ಟದ ಹತ್ತಿರ ಹೋಗಕೂಡದು. ಇಷ್ಟನ್ನು ಚೀಟಿಯಲ್ಲಿ ಬರೆದುಕೊಟ್ಟು ಡಾಕ್ಟರು ಹೇಳಿದರು: "ಆ ಮಂಚ ಕದ್ದವ್ರು ಸಿಕ್ರ ನನ್ನ ಕಡೆ ಕಳಸ್ರಿ ಫೌಜದಾರ್ರ. ಅರ್ಧಾ ಇಲಾಜ ಅವ್ರ ಮಾಡ್ಯಾರ."

ಕಾಶವ್ವ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಮಾರ್ಚ್ ೧೦, ಶನಿವಾರ, ಮಧ್ಯಾಹ್ನ ಮೂರು ಗಂಟೆ. ಪಂಚರ ಸಮಕ್ಷಮ, ಅರ್ಧ ಊರಿನ ಸಮಕ್ಷಮ, ಕಾಶವ್ವ ಸೊಂಟದ ಕೀಲಿಕೈ ತೆಗೆದು ಮಡಿವಾಳಪ್ಪಜ್ಜನ ಗದ್ದುಗೆಯ ಕೋಣೆಯ ಬಾಗಿಲು ತೆರೆದಳು. ಅಲ್ಲಿ ಹುಡುಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಗದ್ದುಗೆಯ ಹಿಂದೆ, ಗೋಡೆಗೆ ಒರಗಿಸಿ, ಮಂಚದ ಎಂಟು ಕಟ್ಟಿಗೆ. ಅದರ ಪಕ್ಕ ಸುರುಳಿ ಸುತ್ತಿದ ಗಾದಿ, ಜಮಖಾನ, ಎರಡು ಕೌದಿ, ಚಾಪೆ. ನುಸಿ ಹಿಡಿಯದಂತೆ ನಡುನಡುವೆ ಬೇವಿನ ಸೊಪ್ಪು ಇಟ್ಟಿದ್ದಳು.

"ಅವ್ರ ಕಾವಲಿಗೆ ಬಿಟ್ಟಿದ್ದೆ," ಎಂದಳು.

ಗುರುಪುತ್ರಪ್ಪ ಬಾಗಿಲಲ್ಲಿ ನಿಂತು ತಾಯಿಯನ್ನೇ ನೋಡಿದರು. "ಯವ್ವಾ, ನೀನಽ?"

"ನಾನಽ."

"ಗಜ್ಜುಗಾ?"

"ಅದೂ ನಾನಽ."

ಮೊದಲು ಮಗನ ಮುಖ ಕೆಂಪಾಯಿತು. ಆಮೇಲೆ ಆ ದೊಡ್ಡ ಮೈಯೆಲ್ಲ ಅಲುಗಾಡಿಸಿಕೊಂಡು ನಗತೊಡಗಿದರು. ಜಗಲಿಯ ಮೇಲಿನ ಐದು ಕಾಯಿಗಳು, ಅದಕ್ಕೆ ದಿನವೂ ಆಗುತ್ತಿದ್ದ ಮಂಗಳಾರತಿ ಎಲ್ಲ ನೆನಪಾಗಿ ಸಂಗವ್ವ ಸೆರಗು ಬಾಯಿಗಿಟ್ಟುಕೊಂಡಳು. ನಗು ಹೊರಗಿನ ಜನಕ್ಕೂ ಹಬ್ಬಿತು. ಬಾಳಪ್ಪ ಒಬ್ಬ ನಗಲಿಲ್ಲ. ಗದ್ದುಗೆಯ ಕಡೆ ಕೈ ಮಾಡಿ ಕೇಳಿದ.

"ಹಂಗಾರ ಅಜ್ಜಾರದೂ ರೋಗನ ಏನು? ನಾವು ಮೂವತ್ತ ವರ್ಸ ದೀಪ ಹಚ್ಚಿದ್ದು ರೋಗಕ್ಕೇನು?"

ಕಾಶವ್ವ ತಲೆ ತಗ್ಗಿಸಿದಳು. ಇಷ್ಟು ದಿನ ಅವಳು ಅಂಜಿದ್ದ ಮಾತು ಇದೊಂದೇ.

ಗುರುಪುತ್ರಪ್ಪ ಒಳಗೆ ಹೋಗಿ ತಂದೆಯ ಗದ್ದುಗೆಯ ಮೇಲೆ ಕೈಯಿಟ್ಟರು. "ಬಾಳೂ, ನಮ್ಮಪ್ಪ ಊರ ಮಕ್ಕಳ ಸಾಲಿಗೆ ಜಾಗಾ ಕೊಟ್ಟಿದ್ದು ಮಲಗಿದ್ದಾಗ ಅಲ್ಲಪ್ಪ. ಗಿರಣಿಗೆ ಬಂದ ಬಡವ್ರ ಭತ್ತಾ ಪುಕ್ಕಟ ಕುಟ್ಟಿ ಕೊಟ್ಟಿದ್ದೂ ಎಚ್ಚರಿದ್ದಾಗನ. ದೀಪ ಅದಕ್ಕ ಹಚ್ಚು. ನಾ ಅಂತೂ ಮಲಗೂದ ಬಿಟ್ಟ ಬ್ಯಾರೆ ಏನೂ ಮಾಡಿಲ್ಲ. ನನಗ ಕಾಯಿ ಒಡೀಬ್ಯಾಡ್ರಿ, ಮನಿಗೆ ಒಯ್ದು ಚಟ್ನಿ ಮಾಡ್ಕೊಳ್ರಿ."

ಭರಮಣ್ಣ ಮಾಸ್ತರ ಮೊದಲು ತಲೆಯಾಡಿಸಿದರು. ಆಮೇಲೆ ಬಾಳಪ್ಪ ಬಂದು ಗದ್ದುಗೆಗೆ ಹಣೆ ಹಚ್ಚಿದ. ಎದ್ದು ಫಿರ್ಯಾದು ಹಿಂದೆ ತೆಗೆದುಕೊಳ್ಳುತ್ತೇನೆಂದ.

"ತಗೀಬ್ಯಾಡ!" ಎಂದಳು ಕಾಶವ್ವ. "ತಮ್ಮಾ ಫೌಜದಾರಾ, ನನ್ನ ಹಿಡಿ. ಕೇಸ ಆಗಬೇಕು. ಇದು ರೋಗ ಅಂತ ಸರಕಾರದ ಕಾಗದದಾಗ ಬರಬೇಕು. ಇಲ್ಲಾಂದ್ರ ನಾಕ ದಿನ ಬಿಟ್ಟು ಮತ್ತ ಗಾದಿ ಹಾಸತಾರ ಇವ್ರು."

ನಾಗಲಿಂಗ ಪುಸ್ತಕ ತೆರೆದರು.

"ಹೆಸರು?"

"ಕಾಶವ್ವ. ಮಡಿವಾಳಪ್ಪನ ಹೆಂಡತಿ."

"ವಯಸ್ಸು?"

"ಅರವತ್ತೆಂಟೋ ಎಪ್ಪತ್ತೋ. ನೀನಽ ಒಂದು ಹಾಕು."

"ಮಾಡಿದ್ದು ಒಪ್ಪತೀರೇನು?"

"ಒಪ್ಪತೀನಿ. ಬೇಕಾದ್ರ ಇನ್ನೊಮ್ಮೆ ಮಾಡತೀನಿ."

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ದಸ್ತಗಿರಿಯಾಯಿತೆಂದು ಕರೆಪ್ಪ ದಾಖಲಿಸಿದ. ಸಂಗವ್ವ ಅತ್ತೆಯ ಜೊತೆಗೆ ಹೊರಟಳು. ಊರಿನ ಹೆಂಗಸರು ಜೀಪಿಗೆ ಬುತ್ತಿ ತಂದಿಟ್ಟರು. ಖಾನಾಪುರದ ದಾರಿ ಅರ್ಧ ಮುಗಿಯುವುದರೊಳಗೆ ಆರೋಪಿಯ ತಲೆ ಸೊಸೆಯ ಹೆಗಲಿಗೆ ವಾಲಿತು. ದೀಪಾವಳಿಯಿಂದ ಈಚೆಗೆ ಅವಳು ಮಗನ ಉಸಿರು ಎಣಿಸದೆ ಮಲಗಿದ್ದು ಅದೇ ಮೊದಲು. ಠಾಣೆ ಬಂದರೂ ಏಳಲಿಲ್ಲ. ಎಬ್ಬಿಸಬಾರದೆಂದು ನಾಗಲಿಂಗ ಸನ್ನೆ ಮಾಡಿದರು. ಐದೂವರೆಯವರೆಗೆ ಜೀಪು ಬೇವಿನ ನೆರಳಿನಲ್ಲಿ ನಿಂತಿತ್ತು. ಅವಳು ಎದ್ದ ಮೇಲೆ ಮುಚ್ಚಳಿಕೆ ಬರೆಸಿಕೊಂಡು, ಚಹಾ ಕುಡಿಸಿ, ಇಬ್ಬರನ್ನೂ ಕೊನೆಯ ಬಸ್ಸಿಗೆ ಹತ್ತಿಸಿದರು.

ಮೇ ತಿಂಗಳಲ್ಲಿ ಗುರುಪುತ್ರಪ್ಪನ ಗಂಟಲಿನ ಶಸ್ತ್ರಕ್ರಿಯೆ ಆಯಿತು. ಜೂನ್ ೧೮ರಂದು ಸ್ವತಃ ಠಾಣೆಗೆ ಬಂದು ಹೇಳಿಕೆ ಕೊಟ್ಟರು. ಹನ್ನೊಂದು ಕಿಲೋ ಇಳಿದಿದ್ದರು. ಹೇಳಿಕೆ ಮುಗಿಯುವವರೆಗೆ ಮುಕ್ಕಾಲು ತಾಸು ಎಚ್ಚರವಾಗಿಯೇ ಇದ್ದರು. ಆ ಸಂಗತಿಯನ್ನೂ ಕರೆಪ್ಪ ಬರೆದ, ನಾಗಲಿಂಗ ಹೊಡೆದುಹಾಕಲಿಲ್ಲ.

ಸ್ವತ್ತು ಮನೆಯ ಹದ್ದು ದಾಟಿಲ್ಲ, ಕಳವಿನ ಉದ್ದೇಶವಿಲ್ಲ ಎಂದು ನಾಗಲಿಂಗ ನ್ಯಾಯಾಲಯಕ್ಕೆ ಪ್ರಕರಣ ಮುಗಿಸುವ ‘ಬಿ’ ವರದಿ ಸಲ್ಲಿಸಿದರು. ರೋಗದ ಹೆಸರು, ಅದರ ಲಕ್ಷಣಗಳು, ಡಾಕ್ಟರ ಚೀಟಿ ಎಲ್ಲವೂ ಮುದುಕಿ ಕೇಳಿದಂತೆ ಸರಕಾರಿ ಕಾಗದದಲ್ಲಿ ಬಂದವು. ಕೃತ್ಯಕ್ಕೆ ಕಾರಣವೇನು ಎಂಬಲ್ಲಿಗೆ ಬಂದಾಗ ಅವರು ಕರೆಪ್ಪನ ಪಂಚನಾಮೆಯನ್ನು ಮತ್ತೊಮ್ಮೆ ತೆರೆದು ನೋಡಿದರು. ಆಮೇಲೆ ಬರೆದರು:

*ಆರೋಪಿತಳು ತನ್ನ ಗಂಡನ ಉಸಿರು ನಿಂತಾಗ ಪಕ್ಕದಲ್ಲಿ ಕೈಮುಗಿದು ಕೂತಿದ್ದಳು. ಮಗನ ಪಾಲಿಗೆ ಹಾಗೆ ಕೂರುವುದು ಅವಳಿಂದ ಆಗಲಿಲ್ಲ.*